ಯಾರ ಶಿಲುಬೆ, ಯಾರ ಹೆಗಲು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕರಾವಳಿಯ ಪ್ರಾಟೆಸ್ಟೆಂಟ್ ಕುಟುಂಬದ ಸೊಸೆ, ವಯಸ್ಸು ನಲವತ್ತೈದರ ಆಸುಪಾಸು. ಅತ್ತೆಗೆ ಪಾರ್ಶ್ವವಾಯು ಬಡಿದ ಮೇಲೆ ಟೀಚರ್ ಕೆಲಸ ಬಿಟ್ಟು ಆರೈಕೆಗೆ ನಿಂತವರು. ನನ್ನಲ್ಲಿಗೆ ಆಪ್ತಸಲಹೆಗೆ ಬಂದವರೇ ಕೇಳಿದ್ದು: "ಮೇಡಂ, ನನ್ನ ವಿಶ್ವಾಸ ಸತ್ತುಹೋಯ್ತಾ?"

ಮೈ ಒರೆಸುವಾಗ ಅತ್ತೆ ಕೈ ಬಿಗಿ ಹಿಡಿದರೆಂದು ಸಿಟ್ಟು ಬಂದು ಮಣಿಕಟ್ಟು ಹಿಡಿದು ಎಳೆದಿದ್ದರು. ಸಂಜೆ ನೋಡಿದರೆ ಆ ತೆಳ್ಳನೆ ಚರ್ಮದ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು. ಗಂಡನಿಗೆ ಹೇಳಿಕೊಂಡರೆ ಸಿಕ್ಕ ಉತ್ತರ: "ಕ್ರೈಸ್ತಳಾಗಿ ಇಷ್ಟೂ ತಾಳ್ಮೆ ಇಲ್ವಾ? ಎಲ್ಲರಿಗೂ ಒಂದೊಂದು ಶಿಲುಬೆ ಇರ್ತದೆ."

ಹಾಸಿಗೆ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅದು ಇವರದೇ ಪಾಲು. ನಿದ್ದೆ, ಹಸಿವು ಎರಡೂ ಕೆಟ್ಟಿದ್ದರಿಂದ ಮೊದಲು ಮನೋವೈದ್ಯರಲ್ಲಿಗೆ ಕಳಿಸಿದೆ; ಪ್ರಾರ್ಥನೆ ಕಡಿಮೆಯಾಗಿ ಹೀಗಾಯಿತೆಂಬ ಭಯ ಬಿಡಿ ಎಂದೆ. ಆದರೆ ಕೈ ಎಳೆದದ್ದನ್ನು ಹಗುರ ಮಾಡಲಿಲ್ಲ. ಸಿಟ್ಟು ಏರುತ್ತಿದೆ ಅನಿಸಿದ ಕೂಡಲೇ ಅತ್ತೆಯನ್ನು ಬೀಳದಂತೆ ಮಲಗಿಸಿ ಕೋಣೆಯಿಂದ ಹೊರಗೆ ಬನ್ನಿ, ಮೈ ಒರೆಸುವುದು ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ ಎಂದು ಹೇಳಿದೆ.

ಮುಂದಿನ ಮಾತು ಅವರ ವಿಶ್ವಾಸದ ದಾರಿಯಲ್ಲೇ ಸಾಗಿತು. ಬೈಬಲ್ಲಿನ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾವಾಗಿಯೇ ಕೊಡುತ್ತೇವೆ ಎನ್ನುತ್ತಾರೆ. "ನೀವಾಗಿ ಕೊಟ್ಟಿದ್ದೆಷ್ಟು, ನಿಮ್ಮಿಂದ ಕಿತ್ತುಕೊಂಡಿದ್ದೆಷ್ಟು?" ಎಂದು ಕೇಳಿದೆ. "ಅತ್ತೆಯನ್ನು ನೋಡಿಕೊಳ್ಳುವುದು ನನಗೆ ಇಷ್ಟವೇ. ನಿನ್ನಿಂದ ಆಗ್ತದಾ ಅಂತ ಒಬ್ಬರೂ ಕೇಳಲಿಲ್ಲ, ಅದೇ ನೋವು" ಎಂದು ಅತ್ತರು. ಪ್ರಕರಣದ ತಿರುಳು ಇದೇ ಎಂದು ನನ್ನ ಎಣಿಕೆ.

ಇನ್ನೊಂದು ಸಂಗತಿ ತಡವಾಗಿ ಹೊರಬಂತು. ಬೆಂಗಳೂರಿನ ಓರಗಿತ್ತಿ ಹೋಂ ನರ್ಸ್ ಖರ್ಚು ಕೊಡುತ್ತೇನೆ ಎಂದಾಗ ಇವರೇ ಬೇಡವೆಂದಿದ್ದರು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ರಾತ್ರಿ, ಅವರಲ್ಲೊಬ್ಬನಾದ ಪೇತ್ರನೂ ಕಾಲು ತೊಳೆಸಿಕೊಳ್ಳಲು ಹೀಗೆಯೇ ಒಲ್ಲೆನೆಂದದ್ದನ್ನು ನೆನಪಿಸಿದೆ. ಕೊಡುವುದನ್ನಷ್ಟೇ ಬಲ್ಲವರ ಸೇವೆಯಲ್ಲಿ ಒಂದು ಬಿಗುಮಾನ ಸೇರಿಕೊಳ್ಳುತ್ತದೆ; ಒಳ್ಳೆಯವರನ್ನೇ ಇದು ಹೆಚ್ಚು ಕಾಡುತ್ತದೆ. ಇವತ್ತೇ ಫೋನ್ ಮಾಡಿ ಒಪ್ಪಿಕೊಳ್ಳಿ ಎಂದೆ.

ಗಂಡನನ್ನೂ ಕರೆಸಿದೆ. ಕೆಟ್ಟ ಮನುಷ್ಯರಲ್ಲ, ತಾಯಿಯ ಮೈ ಶುಚಿ ಮಾಡಲು ಸಂಕೋಚ. ಲೂಕನ ಸುವಾರ್ತೆಯ 9ನೇ ಅಧ್ಯಾಯ ತನ್ನ ಶಿಲುಬೆಯನ್ನು ತಾನೇ ಹೊರಲು ಹೇಳುತ್ತದೆ, ಹೆಂಡತಿಯ ಹೆಗಲಿಗೆ ದಾಟಿಸಲು ಅಲ್ಲ ಎಂದೆ. ಹೆತ್ತವರ ಪೋಷಣೆಯ 2007ರ ಕಾಯ್ದೆಯೂ ಮಕ್ಕಳೆಂದು ಹೆಸರಿಸಿರುವುದು ಮಗ, ಮಗಳು, ಮೊಮ್ಮಕ್ಕಳನ್ನು, ಸೊಸೆಯನ್ನಲ್ಲ. ಅದು ನಾಟಿತು. ವಾರಕ್ಕೆ ಮೂರು ರಾತ್ರಿ ಮಗ್ಗುಲು ಬದಲಿಸಲು, ಭಾನುವಾರ ಹೆಂಡತಿ ಆರಾಧನೆ ಮುಗಿಸಿ ಬರುವವರೆಗೆ ತಾಯಿಯ ಬಳಿ ಇರಲು ಒಪ್ಪಿದರು.

ಈಗ ಹಗಲಿಗೆ ಹೋಂ ನರ್ಸ್ ಬರುತ್ತಿದ್ದಾರೆ. ಶಾಲೆಗೆ ಮರಳುವ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಗಂಡನಿಗೆ ಅದಿನ್ನೂ ಒಪ್ಪಿಗೆಯಿಲ್ಲ. ಮುಂದಿನ ಭೇಟಿಗೆ ಇಬ್ಬರೂ ಬರುತ್ತಿದ್ದಾರೆ.