ಗೋಡೆಗೆ ಬಳ್ಳಿ ಹಬ್ಬಿಸಿದರೆ ಮನೆಯ ಸೆಕೆ ನಿಜವಾಗಿ ಕಡಿಮೆಯಾಗುತ್ತದೆಯೇ?

ಮೇಲಿನ ಕೋಣೆ ರಾತ್ರಿಯೂ ಕಾದಿರುತ್ತದೆ, ಗೋಡೆಗೆ ಬಳ್ಳಿ ಬೆಳೆಸಿದರೆ ಉಪಯೋಗ ಇದೆಯಾ, ಗೋಡೆ ಹಾಳಾಗಲ್ವಾ ಅಂತ ಕೇಳಿದ್ದೀರಿ. ಉಪಯೋಗ ಇದೆ. ಆದರೆ ಯಾವ ಗೋಡೆ ಅನ್ನೋದು ಮೊದಲು ನೋಡಬೇಕು.

ನಮ್ಮದು ರಾಯಚೂರು. ಆರ್‌ಸಿಸಿ ಮನೆ, 9 ಇಂಚಿನ ಇಟ್ಟಿಗೆ ಗೋಡೆ, ಮಲಗುವ ಕೋಣೆ ಪಶ್ಚಿಮಕ್ಕೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಒಳಗಿನಿಂದ ಆ ಗೋಡೆಗೆ ಅಂಗೈ ಇಟ್ಟರೆ, ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಬೆಚ್ಚಗಿರುತ್ತದಲ್ಲ, ಹಾಗಿರುತ್ತಿತ್ತು. ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವವರೆಗೆ ಇಳಿಬಿಸಿಲು ಗೋಡೆಗೇ ಹೊಡೆಯುತ್ತದೆ. ಆ ಕಾವು ಇಟ್ಟಿಗೆ ದಾಟಿ ಒಳಗೆ ಬರಲು ಹಲವು ಗಂಟೆ ಬೇಕು. ಸರಿಯಾಗಿ ನಾವು ಹಾಸಿಗೆ ಹಾಸುವ ಹೊತ್ತಿಗೆ ಬಂದು ಮುಟ್ಟುತ್ತದೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ದಕ್ಷಿಣದ ಗೋಡೆಗೆ ಐವಿ ಹಬ್ಬಿಸಿ ಅಂತ ಸಿಗುತ್ತದೆ. ಅದು ಚಳಿ ದೇಶದವರ ಲೆಕ್ಕ. ನಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಚೂರು ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಗೋಡೆಗೆ ಆಗ ಬಿಸಿಲೇ ಬೀಳುವುದಿಲ್ಲ ಅನ್ನಬಹುದು. ಸುಡುವುದು ಮಾಳಿಗೆ, ಆಮೇಲೆ ಪಶ್ಚಿಮ, ಆಮೇಲೆ ಪೂರ್ವ. ಮಾಳಿಗೆಗೆ ಬಳ್ಳಿಯಿಂದ ಏನೂ ಆಗದು, ಅಲ್ಲಿಗೆ ಬಿಳಿ ಸುಣ್ಣ ಬಳಿಯಿರಿ.

ನಾನು ಮೊದಲ ಸಲ ಎಡವಿದೆ. ನರ್ಸರಿಯವರು ಕೊಟ್ಟ ಫೈಕಸ್ ಪುಮಿಲಾ, ಅಂದರೆ ತಾನೇ ಬೇರಿಳಿಸಿ ಗೋಡೆಗೆ ಅಂಟುವ ಬಳ್ಳಿ, ಫೆಬ್ರವರಿಯಲ್ಲಿ ನೆಟ್ಟೆ. ಏಪ್ರಿಲ್ ಬಂತು, ಕಾದ ಗೋಡೆಗೆ ಎಳೆ ಬೇರು ಹತ್ತಲೇ ಇಲ್ಲ, ತುದಿಯೆಲ್ಲ ಕರಕಲು. ನೆಡುವುದಾದರೆ ಮಿರಗದ ಮಳೆಗೇ ನೆಡಿ, ಬೇಸಿಗೆಯೊಳಗೆ ಬೇರು ಇಳಿದಿರುತ್ತದೆ.

ಎರಡನೇ ಸಲ ವೆಲ್ಡರ್ ಕರೆಸಿ, ಗೋಡೆಯಿಂದ ಐದು ಇಂಚು ಬಿಟ್ಟು ಆಂಗಲ್ ಹಾಕಿ ಮೆಶ್ ಕೂರಿಸಿದೆ. ಬರೀ ನೆಲದಲ್ಲಿ ಮಧುಮಾಲತಿ ಇಟ್ಟೆ, ಕುಂಡದಲ್ಲಲ್ಲ. ಬಿಸಿಲಿಗೆ ಕಾದ ಕಬ್ಬಿಣ ಎಳೆ ಕುಡಿಯನ್ನು ಸುಡುತ್ತದೆ, ಅದಕ್ಕೇ ಮೆಶ್ ಮೇಲೆ ತೆಂಗಿನ ನಾರಿನ ಹಗ್ಗ ಅಡ್ಡಡ್ಡ ಬಿಗಿದೆ. ಅದು ಹಬ್ಬುವ ತನಕ ಖಾಲಿ ಬಿಡುವುದೇಕೆ ಅಂತ ಮೊದಲ ವರ್ಷ ತೊಂಡೆ, ಹೀರೆ ಬಿಟ್ಟಿದ್ದೆವು. ತೊಂಡೆಕಾಯಿ ಅಕ್ಕಪಕ್ಕದವರಿಗೆಲ್ಲ ಹಂಚಿಯೂ ಮಿಕ್ಕಿತು. ಮೂರನೇ ಬೇಸಿಗೆಗೆ ಗೋಡೆ ಪೂರ್ತಿ ಮುಚ್ಚಿತ್ತು. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿ, ಆಮೇಲೆ ಕೆಂಪು. ಹೂ ನೋಡುವುದೇ ಒಂದು ಲಾಭ.

ಐದು ಇಂಚಿನ ಆ ಸಂದು ದಂಡವಲ್ಲ. ಬಿಸಿಲನ್ನು ಎಲೆ ತಡೆಯುತ್ತದೆ, ನೀರನ್ನು ಆವಿ ಮಾಡಿ ತಾನೂ ತಣ್ಣಗಿರುತ್ತದೆ. ಅದೇ ಜಾಗದಲ್ಲಿ ತಗಡು ಕಟ್ಟಿದರೆ ತಗಡೇ ಕಾದು ಗೋಡೆಗೆ ಬಿಸಿ ಉಗುಳುತ್ತದೆ. ಸಂದಿನಲ್ಲಿ ಗಾಳಿ ಆಡುವುದರಿಂದ ಗೋಡೆಗೆ ತೇವವೂ ಹಿಡಿಯುವುದಿಲ್ಲ. ಈಗ ರಾತ್ರಿ ಹತ್ತಕ್ಕೆ ಕೈ ಇಟ್ಟರೆ ಆ ಹಂಚಿನ ಬಿಸಿ ಇಲ್ಲ. ಮಟಮಟ ಮಧ್ಯಾಹ್ನ ಮಾತ್ರ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ, ಎಸಿ ಥರ ನಿರೀಕ್ಷಿಸಬೇಡಿ.

ನೀರು ತಪ್ಪಿಸಿದರೆ ಎಲ್ಲ ವ್ಯರ್ಥ. ಬೇಕಾದ ಏಪ್ರಿಲ್‌ನಲ್ಲೇ ಎಲೆ ಉದುರಿಸಿ ಕೂರುತ್ತದೆ. ನಾವು ಬಟ್ಟೆ ಕೊನೆಗೆ ಜಾಲಿಸಿದ ನೀರನ್ನೇ ಬುಡಕ್ಕೆ ತಿರುಗಿಸಿದ್ದೇವೆ, ಬುಡಕ್ಕೆ ಒಣ ಎಲೆ ಮುಚ್ಚಿಗೆ ಇರುತ್ತದೆ.

ಗೋಡೆ ಹಾಳಾಗುವ ಪ್ರಶ್ನೆ ಅಂಟುವ ಬಳ್ಳಿಗಳದ್ದು. ಗಟ್ಟಿ ಗಾರೆಯನ್ನು ಅವು ಕೊರೆಯುವುದಿಲ್ಲ, ಆದರೆ ಮೊದಲೇ ಬಿರುಕಿದ್ದರೆ ಬೇರು ಹೊಕ್ಕು ಅಗಲ ಮಾಡುತ್ತದೆ. ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ. ಹಳೇ ಗೋಡೆಗೆ ಅವು ಬೇಡವೇ ಬೇಡ.

ಹಾವಿನ ಭಯ ಎಲ್ಲರಿಗೂ ಇದ್ದದ್ದೇ, ನಮ್ಮತ್ತೆಗೂ ಇತ್ತು. ನೆಲದಿಂದ ಎರಡು ಅಡಿ ಎಲೆ ಬಿಡಬೇಡಿ, ಬುಡ ಕಾಣುವಂತಿರಲಿ. ನನಗೆ ತೊಂದರೆ ಕೊಟ್ಟದ್ದು ಇಲಿ. ಬಳ್ಳಿ ಹಿಡಿದು ಮಾಳಿಗೆಗೆ ಬರುತ್ತಿದ್ದವು. ಕೈಪಿಡಿ ಗೋಡೆಗಿಂತ ಒಂದು ಗಜ ಕೆಳಗೇ ತುದಿ ಕತ್ತರಿಸಲು ಶುರು ಮಾಡಿದ ಮೇಲೆ ನಿಂತಿತು. ಮೀಟರ್ ಪೆಟ್ಟಿಗೆ, ಎಸಿಯ ಹೊರಗಿನ ಡಬ್ಬ, ಕಿಟಕಿ ಇವುಗಳ ಸುತ್ತಲೂ ವರ್ಷಕ್ಕೆ ಎರಡು ಮೂರು ಸಲ ಕತ್ತರಿ ಆಡಿಸಬೇಕು. ಕಳೆದ ವರ್ಷ ಏಣಿ ಹತ್ತಿದವನು ಪಿಕಳಾರದ ಗೂಡು ಕಂಡು ಸುಮ್ಮನೆ ಇಳಿದೆ. ಮರಿ ಹಾರುವಷ್ಟರಲ್ಲಿ ಅರ್ಧ ಕಿಟಕಿ ಮುಚ್ಚಿಹೋಗಿತ್ತು. ಏಣಿ ಹತ್ತುವವರು ಮನೆಯಲ್ಲಿ ಇಲ್ಲದಿದ್ದರೆ ಮೊದಲ ಮಹಡಿಗಿಂತ ಮೇಲೆ ಬಿಡಬೇಡಿ.