ಹತ್ತು ದಿನದ ಮಾತ್ರೆ, ಬದುಕಿಡೀ ಕಾಯಿಲೆ

ನಿಮ್ಮ ಪ್ರಶ್ನೆ ಹೀಗಿದೆ: "ಬಿಪಿ, ಸಕ್ಕರೆ ಕಾಯಿಲೆ ಬರುವುದು ಅವರವರ ಊಟ ಮತ್ತು ಸೋಮಾರಿತನದಿಂದ. ಇದಕ್ಕೆಲ್ಲ ರಾಷ್ಟ್ರೀಯ ನೀತಿ ಎಂದು ಮಾಡಿ ಏನು ಪ್ರಯೋಜನ? ನಮ್ಮ ತಂದೆಗಂತೂ ಅದರಿಂದ ಏನೂ ದಕ್ಕಿಲ್ಲ." ಕೊನೆಯ ವಾಕ್ಯ ಇಲ್ಲದಿದ್ದರೆ ನಾನು ಉತ್ತರ ಬರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಒಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಣ್ಣ ಕಿಟಕಿಯ ಹಿಂದೆ, ಮಾತ್ರೆ ಎಣಿಸುತ್ತಾ. ನೀತಿ ಎಂಬುದನ್ನು ನಾನು ಕಂಡಿದ್ದರೆ ಆ ಕಿಟಕಿಯಿಂದಲೇ.

ನಮ್ಮ ಆರೋಗ್ಯ ಕೇಂದ್ರಗಳು ಹುಟ್ಟಿದ್ದು ಜ್ವರ, ಭೇದಿ, ಹೆರಿಗೆ, ಲಸಿಕೆಗಾಗಿ. ಜ್ವರದವನಿಗೆ ಮೂರು ದಿನದ ಮಾತ್ರೆ ಕೊಟ್ಟರೆ ಸಾಕು, ವಾಸಿಯಾಗದಿದ್ದರೆ ಮತ್ತೆ ಬರುತ್ತಾನೆ. ಇದೇ ರೂಢಿಯಲ್ಲಿ ನಾವು ಬಿಪಿಯವರಿಗೂ ಏಳು ದಿನ, ಕೈ ಧಾರಾಳವಿದ್ದ ದಿನ ಹತ್ತು ದಿನದ ಮಾತ್ರೆ ಕೊಡುತ್ತಿದ್ದೆವು. ಕಡಲೆಕಾಯಿ ಹೊಲದಲ್ಲಿ ಕೂಲಿ ಮಾಡುವ ಒಬ್ಬ ಅಜ್ಜಿ ಹತ್ತು ಮಾತ್ರೆಗಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬರುತ್ತಿದ್ದರು. ಬಿಪಿ ಇದೆ ಎಂದು ಮೈಯೇನೂ ನೋಯುವುದಿಲ್ಲವಲ್ಲ. ಮೂರನೆಯ ಸಲ ಬಂದರು, ನಾಲ್ಕನೆಯ ಸಲ ಬರಲಿಲ್ಲ. ಎರಡು ವರ್ಷದ ಮೇಲೆ ಅವರ ಮಗ ಬಂದು, ತಾಯಿಗೆ ಲಕ್ವ ಹೊಡೆದಿದೆ, ಬಲಗೈ ಎತ್ತಲಾಗುತ್ತಿಲ್ಲ ಎಂದ. ಅದನ್ನು ಅಜ್ಜಿಯ ಸೋಮಾರಿತನ ಎನ್ನಲು ನನಗೆ ನಾಲಗೆ ಬರುವುದಿಲ್ಲ.

ಹಾಗಾದರೆ ಮೂವತ್ತು ದಿನದ್ದು ಏಕೆ ಕೊಡುತ್ತಿರಲಿಲ್ಲ? ಇರುತ್ತಿರಲಿಲ್ಲ. ಏಕೆ ಇರುತ್ತಿರಲಿಲ್ಲ ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಪ್ರತಿ ವರ್ಷ ಇಂಡೆಂಟ್, ಅಂದರೆ ಔಷಧದ ಬೇಡಿಕೆಪಟ್ಟಿ ಬರೆಯುವಾಗ ನಾನು ನೋಡುತ್ತಿದ್ದದ್ದು ಹಿಂದಿನ ವರ್ಷ ಎಷ್ಟು ಮಾತ್ರೆ ಖರ್ಚಾಯಿತು ಎಂಬುದನ್ನು. ಖರ್ಚಿಗೆ ಇಷ್ಟು ಸೇರಿಸಿ ಬೇಡಿಕೆ ಬರೆಯಬೇಕೆಂಬುದು ವಾಡಿಕೆ. ಆದರೆ ಕಳೆದ ವರ್ಷ ನಾಲ್ಕು ತಿಂಗಳು ಡಬ್ಬಿ ಖಾಲಿ ಇದ್ದರೆ ಖರ್ಚು ಕಡಿಮೆ ಎಂದೇ ಪುಸ್ತಕದಲ್ಲಿ ಬರೆದಿರುತ್ತದೆ. ಹೀಗಾಗಿ ಈ ವರ್ಷದ ಬೇಡಿಕೆಯೂ ಕಡಿಮೆ, ಮತ್ತೆ ಡಬ್ಬಿ ಖಾಲಿ. ಕೊರತೆಯೇ ಮುಂದಿನ ವರ್ಷದ ಕೊರತೆಗೆ ಲೆಕ್ಕ ಬರೆದುಕೊಡುತ್ತಿತ್ತು. ಇದರ ಮೇಲೆ ಬಿಪಿಗೆ ಒಬ್ಬ ವೈದ್ಯರು ಅಟೆನೊಲಾಲ್ ಬರೆದರೆ, ವರ್ಗವಾಗಿ ಬಂದ ಇನ್ನೊಬ್ಬರು ಎನಲಾಪ್ರಿಲ್ ಬರೆಯುತ್ತಿದ್ದರು. ಒಂದು ಮಾತ್ರೆ ಅವಧಿ ಮೀರಿ ಕಸವಾಗುತ್ತಿತ್ತು, ಇನ್ನೊಂದಕ್ಕೆ ಜನ ಸಾಲಿನಲ್ಲಿ ನಿಂತಿರುತ್ತಿದ್ದರು.

2010ರಲ್ಲಿ ಕೇಂದ್ರ ಸರ್ಕಾರವು ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ನಮಗೆ ಬಂದದ್ದು ಒಂದಿಷ್ಟು ಬಿತ್ತಿಪತ್ರ ಮತ್ತು ತುಂಬಬೇಕಾದ ಹೊಸ ನಮೂನೆಗಳು. ನಾನೂ ನಿಮ್ಮಂತೆಯೇ ಮೂಗು ಮುರಿದಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು 2017ರ ಕೊನೆಯಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಶುರುವಾದ ಕೆಲಸದಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಆರೋಗ್ಯ ಸಚಿವಾಲಯ, ರಾಜ್ಯ ಸರ್ಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸಿದ ಈ ರಕ್ತದೊತ್ತಡ ನಿಯಂತ್ರಣ ಯೋಜನೆಯಲ್ಲಿ ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಇರಲಿಲ್ಲ. ಮಾಡಿದ್ದು ಇಷ್ಟು: ಎಲ್ಲ ವೈದ್ಯರಿಗೂ ಒಂದೇ ಕ್ರಮ. ಬಹುತೇಕ ಕಡೆ ಮೊದಲು ಅಮ್ಲೋಡಿಪಿನ್, ಸಾಲದಿದ್ದರೆ ಟೆಲ್ಮಿಸಾರ್ಟಾನ್, ಅದೂ ಸಾಲದಿದ್ದರೆ ಕ್ಲೋರ್ತಾಲಿಡೋನ್. ಒಮ್ಮೆ ಬಂದವರಿಗೆ ಮೂವತ್ತು ದಿನದ ಮಾತ್ರೆ. ಪ್ರತಿಯೊಬ್ಬರಿಗೂ ಒಂದು ಕಾರ್ಡ್, ಬಾರದಿದ್ದವರಿಗೆ ಫೋನ್. ಮುಖ್ಯವಾಗಿ, ಬೇಡಿಕೆಯ ಲೆಕ್ಕವನ್ನು ಹಳೆಯ ಖರ್ಚಿನಿಂದ ಕಿತ್ತು ರೋಗಿಗಳ ಸಂಖ್ಯೆಗೆ ಕಟ್ಟಿದರು.

ನಮ್ಮ ಕಡೆ ಇದರ ಗಾಳಿ ಬೀಸುವ ಹೊತ್ತಿಗೆ ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ಹೊಸ ಲೆಕ್ಕವನ್ನು ಒಂದು ಸಂಜೆ ಚೀಟಿಯ ಹಿಂಬದಿಯಲ್ಲಿ ಮಾಡಿ ನೋಡಿದೆ. ನಮ್ಮ ಕೇಂದ್ರದ ವ್ಯಾಪ್ತಿ 30,000 ಜನ, ವಯಸ್ಕರು ಸುಮಾರು 20,000. ನಾಲ್ವರಲ್ಲಿ ಒಬ್ಬರಿಗೆ ಬಿಪಿ ಎಂದರೂ 5,000. ಅವರಲ್ಲಿ ಅರ್ಧ ಜನ ನಮ್ಮಲ್ಲಿಗೆ ಬಂದರೂ ದಿನಕ್ಕೊಂದರಂತೆ ತಿಂಗಳಿಗೆ 75,000 ಮಾತ್ರೆ ಬೇಕು. ನಾನು ಅಲ್ಲಿಯವರೆಗೆ ಇಡೀ ವರ್ಷಕ್ಕೆ ಕೇಳುತ್ತಿದ್ದದ್ದು 40,000. ಇಷ್ಟು ವರ್ಷ ಯಾರು ಯಾರನ್ನು ಬರಿಗೈಯಲ್ಲಿ ಕಳಿಸಿದ್ದೆ ಎಂಬ ಯೋಚನೆಯಲ್ಲಿ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಇದೆಲ್ಲ ಚೊಕ್ಕವಾಗಿ ನಡೆಯಿತೆಂದು ತಿಳಿಯಬೇಡಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಹೃದ್ರೋಗ, ಮಧುಮೇಹದಂಥ ರೋಗಗಳಿಂದಾಗುವ ಅಕಾಲ ಮರಣವನ್ನು 2025ರೊಳಗೆ ಶೇ. 25ರಷ್ಟು ತಗ್ಗಿಸುತ್ತೇವೆ, ಆರೋಗ್ಯಕ್ಕೆ ಸರ್ಕಾರಗಳ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುತ್ತೇವೆ ಎಂದಿತ್ತು. 2021-22ರ ಲೆಕ್ಕದಲ್ಲಿ ಆ ವೆಚ್ಚ ಶೇ. 1.84. ಮೂವತ್ತು ದಾಟಿದವರನ್ನೆಲ್ಲ ತಪಾಸಣೆ ಮಾಡಬೇಕೆಂಬುದು ಒಳ್ಳೆಯ ಕೆಲಸವೇ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸೊಂಟದ ಸುತ್ತಳತೆಯಿಂದ ತಂಬಾಕಿನವರೆಗೆ ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಸಭೆಗಳಲ್ಲಿ ಕೇಳುವುದು ಎಷ್ಟು ಜನರ ತಪಾಸಣೆಯಾಯಿತು ಎಂದು. ಅವರಲ್ಲಿ ಇವತ್ತು ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ, ಅಂದರೆ 140/90ಕ್ಕಿಂತ ಕೆಳಗಿದೆ ಎಂದು ಕೇಳುವವರು ಅಪರೂಪ. ಕಾಯಿಲೆ ಇದೆಯೆಂದು ಹೇಳಿ ಮಾತ್ರೆ ಕೊಡದಿದ್ದರೆ ಅದು ಬರೀ ಹೆದರಿಸುವ ಕಾರ್ಯಕ್ರಮ.

ಇನ್ನೊಂದು ಗಂಟು ವಿಮೆಯದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವಿಮೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಲಕ್ವ ಹೊಡೆದು ಹಾಸಿಗೆ ಹಿಡಿದರೆ ಹಣವಿದೆ. ಅದನ್ನು ತಡೆಯುವ ಮಾತ್ರೆಯನ್ನು ಹೊರಗೆ ಕೊಳ್ಳುವವರಿಗೆ ಆ ವಿಮೆಯಲ್ಲಿ ಜಾಗವಿಲ್ಲ. ಜನೌಷಧಿ ಅಂಗಡಿಯಲ್ಲಿ ಅಮ್ಲೋಡಿಪಿನ್ ಮಾತ್ರೆಗೆ ಒಂದು ರೂಪಾಯಿಯೂ ಇಲ್ಲ! ಬಿಪಿ, ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟವರಿಗೆಂದು ಇಡುವ ಡಯಾಲಿಸಿಸ್ ಕುರ್ಚಿಯ ಉದ್ಘಾಟನೆಗೆ ರಿಬ್ಬನ್ ಕತ್ತರಿಸಬಹುದು, ತುಂಬಿದ ಮಾತ್ರೆ ಡಬ್ಬಿಗೆ ರಿಬ್ಬನ್ ಕಟ್ಟುವವರು ಯಾರು?

ಈಗ ನಿಮ್ಮ "ಅವರವರ ಊಟ" ಎಂಬ ಮಾತಿಗೆ ಬರುತ್ತೇನೆ. ಅರ್ಧ ಒಪ್ಪುತ್ತೇನೆ. ಉಪ್ಪಿನಕಾಯಿ ಮತ್ತು ಹಪ್ಪಳವನ್ನು ನಮ್ಮ ತಟ್ಟೆಯಿಂದ ಎತ್ತಿಕೊಂಡು ಹೋಗುವ ಕಾನೂನು ಇಲ್ಲ, ಇರಲೂಬಾರದು. ನನಗೂ ಮಾವಿನ ಮಿಡಿ ಬೇಕು. ಆದರೆ ಬೇಕರಿಯ ಪಫ್ ತಿನ್ನುವಾಗ ಅದರಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಎಷ್ಟು ಇದೆಯೆಂದು ನಿಮಗೆ ಹೇಗೆ ಗೊತ್ತಾಗಬೇಕು? ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ. 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ತಿನ್ನುವವರು ಯಾವ ಸಂಕಲ್ಪವನ್ನೂ ಮಾಡಬೇಕಾಗಲಿಲ್ಲ. ತಂಬಾಕಿನ ಕಥೆಯೂ ಹಾಗೆಯೇ: ಸಮೀಕ್ಷೆಗಳ ಪ್ರಕಾರ 2009-10ರಲ್ಲಿ ವಯಸ್ಕರಲ್ಲಿ ಶೇ. 34.6 ಮಂದಿ ತಂಬಾಕು ಬಳಸುತ್ತಿದ್ದರು, 2016-17ಕ್ಕೆ ಅದು ಶೇ. 28.6ಕ್ಕೆ ಇಳಿಯಿತು. ತೆರಿಗೆ, ನಿಷೇಧ, ಪೊಟ್ಟಣದ ಮೇಲಿನ ಚಿತ್ರ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ, ಆದರೂ ಅಷ್ಟು ಜನಕ್ಕೆ ಒಟ್ಟಿಗೆ ಜ್ಞಾನೋದಯ ಆಗಿರಲಿಕ್ಕಿಲ್ಲ. ಅದೇ 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಎಂಬ ಹೆಚ್ಚುವರಿ ತೆರಿಗೆ ಹಾಕಿ ಬೀಡಿಯನ್ನು ಬಿಟ್ಟರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಒಲೆ ಬೀಡಿ ಕಟ್ಟುವ ಹೆಂಗಸರ ದುಡಿಮೆಯಿಂದ ಉರಿದಿದೆ, ಹೀಗಾಗಿ ಅದನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಸಾಲದು. ಅವರಿಗೆ ಬೇರೆ ಕೆಲಸ ತೋರಿಸದೆ ತೆರಿಗೆ ಏರಿಸಿ ಎಂದು ಹೇಳಲು ನನಗೂ ಮನಸ್ಸಿಲ್ಲ.

ನಿಮ್ಮ ತಂದೆಯವರ ವಿಷಯ. ಹತ್ತಿರದ ಉಪಕೇಂದ್ರ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಕರೆದುಕೊಂಡು ಹೋಗಿ. ಐದು ನಿಮಿಷ ಕೂರಿಸಿ, ಆಮೇಲೆ ಬಿಪಿ ನೋಡಿಸಿ. ಬಸ್ಸಿನಿಂದ ಇಳಿದು ಓಡಿಬಂದವರ ಬಿಪಿ ಎಂದಿಗೂ ಸರಿಯಿರುವುದಿಲ್ಲ. ಅವರ ಹೆಸರನ್ನು ಅಸಾಂಕ್ರಾಮಿಕ ರೋಗಗಳ, ಅಂದರೆ ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ ಪಟ್ಟಿಯಲ್ಲಿ ಬರೆಸಿ, ಏಕೆಂದರೆ ಈಗ ಇಂಡೆಂಟ್ ಏರಬೇಕಾದರೆ ಪಟ್ಟಿಯಲ್ಲಿ ತಲೆ ಇರಬೇಕು. ಮೂವತ್ತು ದಿನದ ಮಾತ್ರೆ ಕೇಳಿ. ಹತ್ತೇ ಕೊಟ್ಟರೆ ಕಿಟಕಿಯ ಹಿಂದಿರುವವನ ಮೇಲೆ ರೇಗಬೇಡಿ, ಉಳಿದದ್ದು ಯಾವ ದಿನ ಬರುತ್ತದೆ ಎಂದು ಕೇಳಿ, ಆ ದಿನ ಮತ್ತೆ ಹೋಗಿ ಕೇಳಿ.