ಯೇಸು ಎದ್ದು ಬಂದದ್ದಕ್ಕೆ ಪ್ರೂಫ್ ಇದೆಯಾ?

ದಾವಣಗೆರೆ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ‘ಯೇಸು ಸತ್ತು ಎದ್ದದ್ದಕ್ಕೆ ಪ್ರೂಫ್ ಕೊಡು’ ಅಂದರೆ ಏನು ಹೇಳಲಿ ಅಂತ ಕೇಳಿದ್ದೀರಿ. ನಾನೂ ಚರ್ಚಿಗೆ ಹೋಗುವವನೇ, ಚಿತ್ರದುರ್ಗದವನು. ಮೊದಲು ಸತ್ತದ್ದನ್ನೂ ಎದ್ದದ್ದನ್ನೂ ಬೇರೆ ಬೇರೆ ಮಾಡಿ.

ಯೂದಾಯದ ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ ಬರೆದಿದ್ದಾನೆ. ಅವನಿಗೆ ಕ್ರೈಸ್ತರನ್ನು ಕಂಡರೇ ಆಗುತ್ತಿರಲಿಲ್ಲ. ಪಿಲಾತನ ಹೆಸರಿನ ಕಲ್ಲೂ 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿದೆ.

ಎದ್ದದ್ದು ಅಷ್ಟು ಸುಲಭ ಅಲ್ಲ. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೋರಿಸಿ. ಯೇಸು ಸತ್ತು ಸುಮಾರು 25 ವರ್ಷಕ್ಕೆ ಬರೆದದ್ದು, ಯೇಸುವಿನ ಜೀವನ ಹೇಳುವ ಸುವಾರ್ತೆಗಳಿಗಿಂತ ಹಳೆಯದು. ಎದ್ದ ಯೇಸುವನ್ನು 500ಕ್ಕೂ ಜಾಸ್ತಿ ಜನ ನೋಡಿದರು ಅನ್ನುತ್ತಾನೆ. ಆದರೆ ಆ ಜನ ಬರೆದದ್ದು ನಮ್ಮ ಕೈಯಲ್ಲಿಲ್ಲ. ಇದನ್ನು ಮುಚ್ಚಿಡಬೇಡಿ.

ನಮ್ಮ ಮೊಳಕಾಲ್ಮೂರಿನ ಕಡೆಯ ಬ್ರಹ್ಮಗಿರಿ ಶಾಸನದಲ್ಲಿ, ದೇವರುಗಳು ಜನರ ಜೊತೆ ಬೆರೆತರು ಅಂತ ಅಶೋಕ ಹೇಳುತ್ತಾನೆ. ಅವನು ಹಾಗೆ ಹೇಳಿದ್ದಕ್ಕೆ ಬಂಡೆಯೇ ಸಾಕ್ಷಿ. ಬೆರೆತದ್ದಕ್ಕೆ? ಪೌಲನ ಪತ್ರವೂ ಹಾಗೇ ಅಲ್ವಾ. ಶಿಷ್ಯರು ನಿಜವಾಗಿ ನಂಬಿದ್ದರು ಅನ್ನುವವರೆಗೆ ಅದು ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ನಾನು ನಂಬಿಕೆಯಿಂದ ಹೋಗುತ್ತೇನೆ. ನಿಮ್ಮ ರೂಮ್‌ಮೇಟ್ ಅಲ್ಲೇ ನಿಂತರೆ ದಡ್ಡರೇನಲ್ಲ.